ಹಲ್ಲಿನ ಇಂಜೆಕ್ಷನ್ ‘ನನಗೆ ಆಗುವುದಿಲ್ಲ’ ಅನ್ನುವ ಮೊದಲು

ಮಂಗಳೂರಿನ ಹಂಪನಕಟ್ಟೆಯಿಂದ ಕದ್ರಿ ಕಡೆಗೆ ರಿಕ್ಷಾದಲ್ಲಿ ಮನೆಗೆ ಹೊರಟಿದ್ದೆ. ಕೆಳದವಡೆಯ ಎಡಗಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಗಿತ್ತು. ತುಟಿ, ನಾಲಗೆ ದಪ್ಪಗಾದ ಹಾಗೆ ಅನಿಸುತ್ತಿತ್ತು. ಅದು ಗೊತ್ತಿದ್ದದ್ದೇ. ಆದರೆ ಗಾಳಿಗೆ ಎಡಗಣ್ಣು ಉರಿಯತೊಡಗಿತು. ಮುಚ್ಚಲು ನೋಡಿದೆ. ರೆಪ್ಪೆ ಅರ್ಧಕ್ಕೇ ಬಂದು ನಿಂತಿತು. ಮುಂದಕ್ಕೆ ಬಾಗಿ ರಿಕ್ಷಾದ ಕನ್ನಡಿಯಲ್ಲಿ ನೋಡಿಕೊಂಡೆ. ಮುಖದ ಬಲಭಾಗ ನನ್ನದೇ. ಎಡಭಾಗದಲ್ಲಿ ಹಣೆಯ ಗೆರೆಗಳೆಲ್ಲ ಅಳಿಸಿ ಹೋಗಿದ್ದವು, ಬಾಯಿಯ ಮೂಲೆ ಜೋತು ಬಿದ್ದಿತ್ತು, ಕಣ್ಣು ಪಿಳಿಪಿಳಿ ಅನ್ನುತ್ತಿರಲಿಲ್ಲ. “ಎಂತ ಅಕ್ಕ, ಹುಷಾರಿಲ್ವಾ?” ಅಂತ ರಿಕ್ಷಾದವರು ಗಾಡಿ ಬದಿಗೆ ಹಾಕಿದರು.

ಲಕ್ವ ಹೊಡೆಯಿತು ಅಂತಲೇ ಅಂದುಕೊಂಡೆ. ಕೈ ನಡುಗುತ್ತಾ ಕ್ಲಿನಿಕ್‌ಗೆ ಫೋನ್ ಮಾಡಿದೆ. ಡಾಕ್ಟರು ಮೂರು ಪ್ರಶ್ನೆ ಕೇಳಿದರು. ಎರಡೂ ಕೈ ಮೇಲಕ್ಕೆ ಎತ್ತಲು ಆಗುತ್ತದಾ? ಕಾಲಲ್ಲಿ ಬಲ ಇದೆಯಾ? ಎಡ ಹುಬ್ಬು ಏರುತ್ತದಾ? ಕೈಕಾಲು ಸರಿ ಇದ್ದವು, ಹುಬ್ಬು ಮಾತ್ರ ಏರಲಿಲ್ಲ. “ಮರಗಟ್ಟಿಸುವ ಔಷಧ ಮುಖದ ನರಕ್ಕೂ ತಾಗಿರಬೇಕು. ವಾಪಸ್ ಬನ್ನಿ, ಒಮ್ಮೆ ನೋಡಿಬಿಡುತ್ತೇನೆ” ಅಂದರು. ಸಂಜೆ 7 ಗಂಟೆಯ ಹೊತ್ತಿಗೆ ಮುಖ ಮೊದಲಿನ ಹಾಗೆ ಆಯಿತು.

ಆ ಮಧ್ಯಾಹ್ನದ ಹೆದರಿಕೆ ಇನ್ನೊಬ್ಬರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣ ನನ್ನ ಅಮ್ಮ. ಸುಮಾರು 20 ವರ್ಷ ಅವರು “ನನಗೆ ಹಲ್ಲಿನ ಇಂಜೆಕ್ಷನ್ ಆಗುವುದಿಲ್ಲ” ಅಂತ ಹೇಳಿಕೊಂಡು ಹುಳುಕು ಹಲ್ಲುಗಳನ್ನು ಹಾಗೇ ಇಟ್ಟುಕೊಂಡು ಬದುಕಿದರು. ಅವರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಈ ಲೇಖನ ಇರುವುದೇ ಆ ಮಾತಿಗಾಗಿ. ನಾನು ಡಾಕ್ಟರಲ್ಲ. ಕೇಳಿ, ಓದಿ, ಅನುಭವಿಸಿ ತಿಳಿದುಕೊಂಡದ್ದನ್ನು ನೀವು ಕ್ಲಿನಿಕ್‌ಗೆ ಹೋಗುವ ಕ್ರಮದಲ್ಲೇ ಜೋಡಿಸಿದ್ದೇನೆ.

ಹಿಂದಿನ ದಿನ: ಆ ಸಿರಿಂಜಿನಲ್ಲಿ ಎಂತ ಇರುತ್ತದೆ, ತಿಳಿದುಕೊಳ್ಳಿ

ನಮ್ಮಲ್ಲಿ ಹಲ್ಲಿಗೆ ಹೆಚ್ಚಾಗಿ ಕೊಡುವುದು 2 ಶೇಕಡಾ ಲಿಗ್ನೋಕೇನ್. ನರದಲ್ಲಿ ನೋವಿನ ಸಂದೇಶ ಸಾಗದಂತೆ ತಡೆಯುವುದು ಅದರ ಕೆಲಸ. ಜೊತೆಗೆ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಇರುತ್ತದೆ, 80 ಸಾವಿರದಲ್ಲಿ 1 ಭಾಗ ಅಥವಾ 2 ಲಕ್ಷದಲ್ಲಿ 1 ಭಾಗ. ಅಡ್ರಿನಲಿನ್ ಅಲ್ಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಹಾಗಾಗಿ ಔಷಧ ಬೇಗ ರಕ್ತಕ್ಕೆ ಸೇರಿ ಹೋಗದೆ ಅಲ್ಲೇ ನಿಲ್ಲುತ್ತದೆ, ರಕ್ತವೂ ಕಡಿಮೆ ಬರುತ್ತದೆ. ಇವೆರಡರ ಜೊತೆ ಅಡ್ರಿನಲಿನ್ ಕೆಡದಂತೆ ಸಲ್ಫೈಟ್ ಇರುತ್ತದೆ. ಹಲವು ಸಲ ಸೂಜಿ ಚುಚ್ಚಿ ತೆಗೆಯುವ 30 ಮಿಲಿಲೀಟರ್ ಬಾಟಲಿಯಾದರೆ ಮೀಥೈಲ್ ಪ್ಯಾರಾಬೆನ್ ಎಂಬ ಸಂರಕ್ಷಕವೂ ಇರುತ್ತದೆ.

ಇಷ್ಟು ಗೊತ್ತಿದ್ದರೆ ಸಾಕು. ಮುಂದೆ ಏನಾದರೂ ಆದರೆ ಅದು ಲಿಗ್ನೋಕೇನ್‌ನಿಂದ ಆಯಿತಾ, ಅಡ್ರಿನಲಿನ್‌ನಿಂದಲಾ, ಸಂರಕ್ಷಕದಿಂದಲಾ, ಸೂಜಿಯಿಂದಲಾ, ಇಲ್ಲ ಬರೀ ಹೆದರಿಕೆಯಿಂದಲಾ ಅಂತ ಬೇರೆ ಬೇರೆ ಮಾಡಿ ನೋಡಬಹುದು. ಎಲ್ಲವನ್ನೂ ಒಟ್ಟು ಸೇರಿಸಿ “ಇಂಜೆಕ್ಷನ್ ಆಗಲಿಲ್ಲ” ಅಂದುಬಿಟ್ಟರೆ ಮುಂದಿನ ದಾರಿಯೇ ಮುಚ್ಚಿಹೋಗುತ್ತದೆ.

ಒಂದು ಚೀಟಿ ಬರೆಯಿರಿ

ದಿನವೂ ನುಂಗುವ ಎಲ್ಲ ಮಾತ್ರೆಗಳ ಹೆಸರು ಬರೆಯಿರಿ. ಮಾತ್ರೆಯ ಸ್ಟ್ರಿಪ್ ಅನ್ನೇ ಚೀಲಕ್ಕೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. “ಬಿಪಿ ಇದೆಯಾ?” ಅಂದರೆ ಎಷ್ಟೋ ಜನ “ಇಲ್ಲ” ಅನ್ನುತ್ತಾರೆ, ಯಾಕೆಂದರೆ ಮಾತ್ರೆ ತಗೊಂಡು ಬಿಪಿ ಸರಿಯಾಗಿದೆ ಅಲ್ವಾ!

ಕೆಲವು ಮಾತ್ರೆಗಳನ್ನು ಮರೆಯಲೇಬಾರದು. ಪ್ರೊಪ್ರನಾಲಾಲ್ ಅಂಥದ್ದೊಂದು. ಇದನ್ನು ಬಿಪಿಗೆ ಮಾತ್ರವಲ್ಲ, ಅರೆತಲೆನೋವಿಗೆ, ಕೈ ನಡುಕಕ್ಕೆ, ಗಾಬರಿಗೆ ಕೂಡ ಕೊಡುತ್ತಾರೆ. ತಲೆನೋವಿನ ಮಾತ್ರೆ ಅಂದುಕೊಂಡು ಹಲ್ಲಿನ ಡಾಕ್ಟರಿಗೆ ಯಾರು ಹೇಳುತ್ತಾರೆ? ಆದರೆ ಇದರ ಜೊತೆ ಅಡ್ರಿನಲಿನ್ ಸೇರಿದರೆ ರಕ್ತದೊತ್ತಡ ಒಮ್ಮೆಲೇ ಏರಬಹುದು. ನಿದ್ದೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್ ಕೂಡ ಅಡ್ರಿನಲಿನ್‌ನ ಪರಿಣಾಮವನ್ನು ಜಾಸ್ತಿ ಮಾಡುತ್ತದೆ. ಥೈರಾಯ್ಡ್ ಹೆಚ್ಚಾಗಿದ್ದು ಹತೋಟಿಗೆ ಬಾರದಿದ್ದರೆ ಅದನ್ನೂ ಹೇಳಬೇಕು. ಹೃದಯದ ತೊಂದರೆ ಇದ್ದವರಿಗೆ ಒಂದು ಸಲಕ್ಕೆ ಅಡ್ರಿನಲಿನ್ 0.04 ಮಿಲಿಗ್ರಾಂ ದಾಟದಂತೆ ನೋಡಿಕೊಳ್ಳುವ ಪದ್ಧತಿ ಇದೆ. ಅವರು ಲೆಕ್ಕ ಹಾಕಬೇಕಾದರೆ ನೀವು ಹೇಳಿರಬೇಕು.

ಆಸ್ತಮಾ ಇದ್ದರೆ ಹೇಳಿ. ಕೆಲವರಿಗೆ ಸಲ್ಫೈಟ್ ಆಗುವುದಿಲ್ಲ. ಬಸುರಿಯಾಗಿದ್ದರೆ ಹೇಳಿ. ಲಿಗ್ನೋಕೇನ್ ಕೊಡಬಹುದು, ಆದರೆ ಡಾಕ್ಟರಿಗೆ ಗೊತ್ತಿರಬೇಕು, ಮತ್ತೆ ತಿಂಗಳು ತುಂಬುತ್ತಾ ಬಂದ ಹಾಗೆ ಅಂಗಾತ ಮಲಗಿಸದೆ ಸ್ವಲ್ಪ ಎಡಕ್ಕೆ ವಾಲಿಸಿ ಕೂರಿಸಬೇಕಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಹಲ್ಲು ಕೀಳಿಸಬೇಕೆಂದು ತಾವಾಗಿಯೇ ಅದನ್ನು ನಿಲ್ಲಿಸಬೇಡಿ. ನಿಲ್ಲಿಸುವುದಾ ಬೇಡವಾ ಅಂತ ಮಾತ್ರೆ ಕೊಟ್ಟ ಡಾಕ್ಟರು ಮತ್ತು ಹಲ್ಲಿನ ಡಾಕ್ಟರು ಸೇರಿ ಹೇಳಲಿ.

ವೀಳ್ಯ, ಗುಟ್ಕಾ ಅಗಿದು ಬಾಯಿ ಪೂರ್ತಿ ತೆರೆಯಲು ಆಗದವರು ನಮ್ಮ ಅಡಿಕೆ ಬೆಳೆಯುವ ಊರುಗಳಲ್ಲಿ ಕಡಿಮೆ ಇಲ್ಲ. ನಾಚಿಕೆಯಿಂದ ಅಡಗಿಸಬೇಡಿ. ಬಾಯಿ ಸಣ್ಣಗೆ ತೆರೆದರೆ ಸೂಜಿಗೆ ಸರಿಯಾದ ಜಾಗ ಸಿಗುವುದು ಕಷ್ಟ. ಮೊದಲೇ ಗೊತ್ತಾದರೆ ಬೇರೆ ದಾರಿಯಿಂದ ಕೊಡುತ್ತಾರೆ.

ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ

ಹಲ್ಲಿನ ಕುರ್ಚಿಯಲ್ಲಿ ಆಗುವ ತುರ್ತು ಸಂಗತಿಗಳಲ್ಲಿ ಅತಿ ಸಾಮಾನ್ಯವಾದದ್ದು ಕಣ್ಣು ಕತ್ತಲೆ ಬಂದು ತಲೆ ತಿರುಗಿ ಬೀಳುವುದು. ಔಷಧಕ್ಕಿಂತ ಜಾಸ್ತಿ ಹೆದರಿಕೆಯ ಕೆಲಸ ಅದು. ಸೂಜಿ ಕಂಡ ಕೂಡಲೇ ನಾಡಿ ನಿಧಾನವಾಗಿ, ಬಿಪಿ ಇಳಿದು, ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ. ಉಪವಾಸ, ನಿದ್ದೆಗೆಟ್ಟದ್ದು, ಏಪ್ರಿಲ್‌ನ ಬೆವರು ಸುರಿಯುವ ಸೆಕೆ, ಇವೆಲ್ಲ ಅದಕ್ಕೆ ಜೊತೆ ಕೊಡುತ್ತವೆ. ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ರಾಯರು ಏಕಾದಶಿಯ ದಿನ ನೀರೂ ಕುಡಿಯದೆ ಹಲ್ಲು ಕೀಳಿಸಲು ಹೋಗಿ ಇಂಜೆಕ್ಷನ್ ಮುಗಿಯುವ ಮೊದಲೇ ಬೆವರಿ ಬಿದ್ದಿದ್ದರು. ಏಕಾದಶಿ ಇರಲಿ, ರಂಜಾನ್ ಉಪವಾಸ ಇರಲಿ, ಜೀವಕ್ಕೆ ತುರ್ತಿಲ್ಲದ ಹಲ್ಲಿನ ಕೆಲಸವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು.

ಸಕ್ಕರೆ ಕಾಯಿಲೆ ಇದ್ದವರು ಇದನ್ನು ಎರಡು ಸಲ ಓದಿ. ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ತಿಂಡಿ ಬಿಟ್ಟು ಹೋದರೆ ಸಕ್ಕರೆ ಇಳಿದು ಬೀಳುತ್ತೀರಿ. ನೋಡುವವರಿಗೆ ಅದೂ ಇಂಜೆಕ್ಷನ್ನಿನ ತಪ್ಪಿನ ಹಾಗೇ ಕಾಣುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ

ಡಾಕ್ಟರ ಜೊತೆ ಒಂದು ಸನ್ನೆ ಮಾತಾಡಿಕೊಳ್ಳಿ: ಎಡಗೈ ಎತ್ತಿದರೆ ನಿಲ್ಲಿಸಬೇಕು. ನಿಧಾನಕ್ಕೆ ಕೊಡಿ ಅಂತ ಕೇಳಲು ಸಂಕೋಚ ಬೇಡ. ಒಂದು ಮಿಲಿಲೀಟರ್ ಔಷಧಕ್ಕೆ ಸುಮಾರು ಒಂದು ನಿಮಿಷ ತಗೊಂಡರೆ ನೋವೂ ಕಡಿಮೆ, ಅಪಾಯವೂ ಕಡಿಮೆ. ಔಷಧ ಬಿಡುವ ಮೊದಲು ಸಿರಿಂಜನ್ನು ತುಸು ಹಿಂದಕ್ಕೆ ಎಳೆದು ರಕ್ತ ಬರುತ್ತದಾ ಅಂತ ನೋಡುವುದು ಒಳ್ಳೆಯ ಕ್ರಮ. ರಕ್ತ ಬಂದರೆ ಸೂಜಿ ರಕ್ತನಾಳದಲ್ಲಿ ಇದೆ ಅಂತ ಅರ್ಥ.

ಸೂಜಿ ಹೋಗುವಾಗ ನಾಲಗೆಗೆ ಅಥವಾ ತುಟಿಗೆ ಕರೆಂಟ್ ಹೊಡೆದ ಹಾಗೆ ಆದರೆ ಕೂಡಲೇ ಕೈ ಎತ್ತಿ. ನರಕ್ಕೆ ಸೂಜಿ ತಾಗಿರಬಹುದು. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆದರೂ ಆ ಕ್ಷಣ ಹೇಳಿದ್ದರೆ ಅವರು ಸೂಜಿಯನ್ನು ಸ್ವಲ್ಪ ಹಿಂದೆ ತಗೊಳ್ಳುತ್ತಾರೆ.

“ನನಗೆ ಇಂಜೆಕ್ಷನ್ ಹಿಡಿಯುವುದೇ ಇಲ್ಲ” ಅನ್ನುವವರು ಇದ್ದಾರೆ. ಅದಕ್ಕೂ ಕಾರಣ ಇದೆ. ಕೀವು ತುಂಬಿ ಬಾತುಕೊಂಡ ಜಾಗದಲ್ಲಿ ಆಮ್ಲ ಜಾಸ್ತಿ. ಅಲ್ಲಿ ಔಷಧ ನರದ ಒಳಗೆ ಇಳಿಯುವ ರೂಪಕ್ಕೆ ಬರುವುದೇ ಕಷ್ಟ. ಅಂಥ ಹೊತ್ತಿಗೆ ಇನ್ನಷ್ಟು, ಮತ್ತಷ್ಟು ಅಂತ ಚುಚ್ಚುವುದಕ್ಕಿಂತ ಸೋಂಕು ಇಳಿಸಿ ಬರುವುದೋ, ದೂರದ ಜಾಗದಲ್ಲಿ ಬ್ಲಾಕ್ ಕೊಡುವುದೋ (ಹಲ್ಲಿಗೆ ಬರುವ ನರವನ್ನೇ ಹಿಂದಿನಿಂದ ಮರಗಟ್ಟಿಸುವುದು) ಮೇಲು. ನೋವು ಬಂದಾಗಲೇ ಓಡುವ ಬದಲು ಬಾವು ಬರುವ ಮೊದಲೇ ಹೋಗಿ ಅಂತ ಡಾಕ್ಟರು ಬಡಕೊಳ್ಳುವುದು ಇದಕ್ಕೂ ಹೌದು.

ಇನ್ನು, ಔಷಧ ಗಂಟಲಿನ ಕಡೆಗೆ ಹಬ್ಬಿದರೆ ಉಗುಳು ನುಂಗಲು ಆಗುತ್ತಿಲ್ಲ, ಉಸಿರು ಕಟ್ಟುತ್ತಿದೆ ಅನಿಸುತ್ತದೆ. ನುಂಗಿದ್ದು ಗೊತ್ತಾಗದೆ ಹಾಗೆ ಅನಿಸುವುದು. ಮೂಗಿನಿಂದ ನಿಧಾನವಾಗಿ ಉಸಿರಾಡಿ, ಎದ್ದು ಕೂತುಕೊಳ್ಳಿ, ಎರಡು ನಿಮಿಷ ಕೊಡಿ. ಮೇಲಿನ ಹಲ್ಲಿಗೆ ಕೊಟ್ಟಾಗ ಮೂಗಿನ ಒಂದು ಹೊಳ್ಳೆ ಇಲ್ಲವೇನೋ ಅನ್ನಿಸುವುದೂ, ಕೆನ್ನೆಯ ಮೇಲೆ ಬೆಳ್ಳಗೆ ಮಚ್ಚೆ ಮೂಡುವುದೂ ಹೀಗೆಯೇ ಬಂದು ಹೋಗುವಂಥವು.

ಮೊದಲ ಹತ್ತು ನಿಮಿಷ: ನಾಲ್ಕು ಸಂಗತಿ, ನಾಲ್ಕು ದಾರಿ

ಇಲ್ಲೇ ಎಲ್ಲ ಗೊಂದಲ ಆಗುವುದು. ದಯವಿಟ್ಟು ನಿಧಾನವಾಗಿ ಓದಿ.

ಎದೆ ಡವಡವ ಹೊಡೆದುಕೊಳ್ಳುವುದು, ಕೈ ನಡುಗುವುದು, ಮೈ ಬಿಸಿಯಾಗುವುದು, ಕಾರಣವಿಲ್ಲದೆ ಭಯ ಆಗುವುದು. ಇದು ಅಡ್ರಿನಲಿನ್. ಸ್ವಲ್ಪ ಔಷಧ ರಕ್ತನಾಳಕ್ಕೆ ಹೋದಾಗ ಅಥವಾ ಬೇಗ ಬೇಗ ಕೊಟ್ಟಾಗ ಹೀಗಾಗುತ್ತದೆ. ನಮ್ಮ ದೇಹವೇ ಹೆದರಿದಾಗ ಬಿಡುವ ಅಡ್ರಿನಲಿನ್ನೂ ಇದರ ಜೊತೆ ಸೇರಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಕೆಲಸ ನಿಲ್ಲಿಸಿ ಕೂತರೆ ಸಾಕು. ಎದೆ ನೋವು ಬಂದರೆ ಮಾತು ಬೇರೆ, ಅದಕ್ಕೆ ಕಾಯಬಾರದು.

ಮುಖ ಬಿಳಿಚಿ, ತಣ್ಣಗೆ ಬೆವರಿ, ಆಕಳಿಕೆ ಬಂದು, ಹೊಟ್ಟೆ ತೊಳಸಿದರೆ ಅದು ತಲೆ ತಿರುಗಿ ಬೀಳುವ ಸೂಚನೆ. ಕುರ್ಚಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಬೇಕು. ಜೊತೆಗೆ ಬಂದ ಮನೆಯವರು ಗಾಬರಿಯಿಂದ ಎತ್ತಿ ಕೂರಿಸಿ ಬಾಯಿಗೆ ನೀರು ಹಾಕುತ್ತಾರೆ. ಅದೇ ತಪ್ಪು. ಕೂರಿಸಿದರೆ ಮೆದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ, ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಿದರೆ ಶ್ವಾಸಕ್ಕೆ ಹೋಗುತ್ತದೆ.

ಮೂರನೆಯದು ಅಪರೂಪ, ಆದರೆ ಅಪಾಯ. ಬಾಯಿಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಇಂಜೆಕ್ಷನ್ ಕೊಡದ ಕಡೆಯೂ ಬಾಯಿಯ ಸುತ್ತ ಜೋಮು, ಮಾತು ತೊದಲುವುದು, ಮಂಪರು ಅಥವಾ ವಿಪರೀತ ಚಡಪಡಿಕೆ. ರಕ್ತದಲ್ಲಿ ಲಿಗ್ನೋಕೇನ್ ಜಾಸ್ತಿಯಾದ ಗುರುತು ಇದು. ಮುಂದುವರಿದರೆ ಫಿಟ್ಸ್ ಬರಬಹುದು. ಸಣ್ಣ ಮಕ್ಕಳಲ್ಲಿ ಈ ಭಯ ಹೆಚ್ಚು. ಲೆಕ್ಕ ನೋಡಿ: ಮಕ್ಕಳಿಗೆ ಕಿಲೋಗೆ 4.4 ಮಿಲಿಗ್ರಾಂ ದಾಟಬಾರದು ಅಂತ ಇಟ್ಟುಕೊಂಡರೆ 15 ಕಿಲೋ ತೂಕದ ಮಗುವಿಗೆ ಒಟ್ಟು 66 ಮಿಲಿಗ್ರಾಂ. 2 ಶೇಕಡಾ ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ 20 ಮಿಲಿಗ್ರಾಂ ಇರುತ್ತದೆ. ಅಂದರೆ ಸುಮಾರು 3.3 ಮಿಲಿಲೀಟರ್‌ಗೆ ಮಿತಿ ಮುಗಿಯಿತು. ಬಾಯಿಗೆ ಹೊಡೆಯುವ ಸ್ಪ್ರೇ, ವಸಡಿಗೆ ಹಚ್ಚುವ ಜೆಲ್ ಕೂಡ ಈ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಮಗುವನ್ನು ಕರೆದುಕೊಂಡು ಹೋಗುವ ಮೊದಲು ತೂಕ ನೋಡಿ, ಕೇಳದಿದ್ದರೂ ಹೇಳಿ.

ನಾಲ್ಕನೆಯದು ನಿಜವಾದ ಅಲರ್ಜಿ. ಮೈಮೇಲೆ ತುರಿಸುವ ದದ್ದು, ತುಟಿ ಕಣ್ಣು ಊದಿಕೊಳ್ಳುವುದು, ಗಂಟಲು ಬಿಗಿಯುವುದು, ಸುಂಯ್ ಸುಂಯ್ ಅಂತ ಉಸಿರು, ಬಿಪಿ ಕುಸಿಯುವುದು. ಉಸಿರಾಟಕ್ಕೆ ತೊಂದರೆ ಬಂತೆಂದರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ. ಡಾಕ್ಟರು ತೊಡೆಗೆ ಅಡ್ರಿನಲಿನ್ ಕೊಡಬೇಕು, 108 ಕರೆಯಬೇಕು. ಹೌದು, ಅದೇ ಅಡ್ರಿನಲಿನ್. ಎದೆ ಡವಡವ ಮಾಡಿದ ಔಷಧವೇ ಅಲರ್ಜಿಯಲ್ಲಿ ಜೀವ ಉಳಿಸುವುದು. ಹಾಗಾಗಿ “ನನಗೆ ಅಡ್ರಿನಲಿನ್ ಅಲರ್ಜಿ” ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅದು ನಮ್ಮ ಮೈಯೇ ದಿನವೂ ತಯಾರಿಸುವ ವಸ್ತು.

ತುಟಿ, ಉಗುರು ನೀಲಿಗಟ್ಟುವುದು ತೀರ ಅಪರೂಪ. ಪ್ರೈಲೋಕೇನ್, ಬೆಂಜೋಕೇನ್ ಎಂಬ ಮರಗಟ್ಟಿಸುವ ಔಷಧಗಳಿಂದ ರಕ್ತಕ್ಕೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗಿ ಹೀಗಾಗಬಹುದು. ಹಾಗಾದರೆ ನೇರ ಆಸ್ಪತ್ರೆಗೆ ಹೋಗಬೇಕು. ಇದನ್ನು ಹೇಳಲು ಕಾರಣ, ಹಾಲುಹಲ್ಲು ಬರುವ ಕೂಸುಗಳ ವಸಡಿಗೆ ಬೆಂಜೋಕೇನ್ ಜೆಲ್ ಹಚ್ಚುವ ಅಭ್ಯಾಸ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಕೆ ಕೊಟ್ಟಿತು. ಅಂಗಡಿಯಿಂದ ತಂದು ಸುಮ್ನೆ ಹಚ್ಚಬೇಡಿ.

ಮನೆಗೆ ಹೋಗುವ ದಾರಿ: ಮುಖ, ಕಣ್ಣು

ನನಗಾದದ್ದು ಯಾಕೆ ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಕೆಳದವಡೆಯನ್ನು ಮರಗಟ್ಟಿಸಲು ಸೂಜಿಯನ್ನು ದವಡೆ ಎಲುಬಿನ ಒಳಬದಿಗೆ, ಸಾಕಷ್ಟು ಹಿಂದಕ್ಕೆ ಕಳಿಸಬೇಕಾಗುತ್ತದೆ. ಅದು ಇನ್ನೂ ತುಸು ಹಿಂದೆ ಹೋದರೆ ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಯಲ್ಲಿ ಔಷಧ ಬೀಳುತ್ತದೆ. ಮುಖದ ಸ್ನಾಯುಗಳನ್ನು ಆಡಿಸುವ ನರ ಹಾದು ಹೋಗುವುದು ಆ ಗ್ರಂಥಿಯ ಒಳಗಿನಿಂದಲೇ. ನರ ಮರಗಟ್ಟಿದರೆ ಅರ್ಧ ಮುಖ ಕೆಲವು ಗಂಟೆ ಮಲಗಿಬಿಡುತ್ತದೆ. ಔಷಧದ ಬಲ ಇಳಿದ ಹಾಗೆ ಎದ್ದು ಬರುತ್ತದೆ.

ಹಾಗಾದರೆ ಮಾಡಬೇಕಾದ ಕೆಲಸ ಒಂದೇ, ಕಣ್ಣನ್ನು ಕಾಪಾಡುವುದು. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ, ಧೂಳು ಬಿದ್ದು ಹುಣ್ಣಾಗಬಹುದು. ನನಗೆ ಡಾಕ್ಟರು ಕಣ್ಣಿಗೆ ತೇವದ ಡ್ರಾಪ್ಸ್ ಹಾಕಿ, ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದು, ಮೇಲೆ ಹತ್ತಿಬಟ್ಟೆ ಇಟ್ಟು ಟೇಪ್ ಅಂಟಿಸಿದರು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದುಬಿಡಿ. ಸ್ಕೂಟರ್ ಬೇಡವೇ ಬೇಡ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ ಹೋಗುವವರಾದರೆ ಕಿಟಕಿ ಬದಿ ಬಿಟ್ಟು ಒಳಗೆ ಕೂತುಕೊಳ್ಳಿ.

ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕು ಮಾಡಲು ಆಗುತ್ತದೆ, ಬಾಯಿ ಮಾತ್ರ ಸೊಟ್ಟ ಆಗುತ್ತದೆ, ಕೈಯೋ ಕಾಲೋ ಸೋಲುತ್ತದೆ. ಇಂಜೆಕ್ಷನ್ನಿನಿಂದ ಆದದ್ದರಲ್ಲಿ ಹಣೆ, ಕಣ್ಣು, ಬಾಯಿ ಮೂರೂ ಒಂದೇ ಬದಿ ಸೋತಿರುತ್ತವೆ, ಕೈಕಾಲು ಸರಿ ಇರುತ್ತವೆ. ಆದರೂ ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ಕ್ಲಿನಿಕ್‌ಗೆ ಫೋನ್ ಮಾಡಿ. ಕೈಕಾಲು ಸೋತರೆ, ಮಾತು ಅರ್ಥವಾಗದ ಹಾಗೆ ಆದರೆ, ಜೋರು ತಲೆನೋವು ಬಂದರೆ ಫೋನ್ ಕೂಡ ಬೇಡ, 108. ಮಾರನೆ ದಿನವೂ ಮುಖ ಸರಿಯಾಗದಿದ್ದರೆ ಅಥವಾ ಕೆಲವು ದಿನ ಬಿಟ್ಟು ಹೊಸದಾಗಿ ಮುಖ ಸೋತರೆ ತಪ್ಪದೆ ತೋರಿಸಬೇಕು.

ಮೇಲಿನ ಹಿಂದಿನ ಹಲ್ಲುಗಳಿಗೆ ಕೊಟ್ಟಾಗ ಎಲ್ಲೋ ಒಬ್ಬರಿಗೆ ಒಂದು ವಸ್ತು ಎರಡಾಗಿ ಕಾಣುತ್ತದೆ, ರೆಪ್ಪೆ ಜೋಲುತ್ತದೆ. ಅದೂ ಔಷಧ ಇಳಿದ ಮೇಲೆ ಸರಿಹೋಗುವಂಥದ್ದೇ. ಅಲ್ಲಿಯವರೆಗೆ ಗಾಡಿ ಬಿಡಬಾರದು, ಮೆಟ್ಟಿಲು ಇಳಿಯುವಾಗ ಯಾರಾದರೂ ಕೈ ಹಿಡಿಯಬೇಕು. ಕಣ್ಣೇ ಕಾಣದಂತಾದರೆ ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಮನೆಗೆ ಬಂದ ಮೇಲೆ: ಊಟ ಮತ್ತು ಮಕ್ಕಳು

ಹಲ್ಲಿನ ಮರಗಟ್ಟುವಿಕೆ ಸುಮಾರು ಒಂದು ಗಂಟೆಗೆ ಇಳಿದರೂ ತುಟಿ, ನಾಲಗೆ, ಕೆನ್ನೆಯದ್ದು 3ರಿಂದ 5 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಮೀನೂಟ ಬೇಡ. ಬೂತಾಯಿಯ ಸಣ್ಣ ಮುಳ್ಳು ನಾಲಗೆಗೆ ಗೊತ್ತಾಗದೆ ಗಂಟಲಿಗೆ ಇಳಿಯುತ್ತದೆ. ಬಿಸಿ ಬಿಸಿ ಗಂಜಿ, ಚಾ, ಕಾಫಿ ಕೂಡ ಬೇಡ. ಸುಟ್ಟದ್ದು ರಾತ್ರಿ ಗೊತ್ತಾಗುತ್ತದೆ. ಬೊಂಡದ ನೀರು, ತಣ್ಣಗಿನ ಮಜ್ಜಿಗೆ, ಆರಿದ ಗಂಜಿ ಆಗಬಹುದು, ಇನ್ನೊಂದು ಬದಿಯಿಂದ. ಹಲ್ಲು ಕೀಳಿಸಿದ್ದರೆ ಸ್ಟ್ರಾ ಹಾಕಿ ಎಳೆಯಬೇಡಿ. ಬಿಸಿನೀರಿನ ಚೀಲ ಕೆನ್ನೆಗೆ ಒತ್ತಿ ಮಲಗುವುದೂ ಬೇಡ, ಚರ್ಮ ಸುಡುತ್ತಿರುವುದು ಗೊತ್ತಾಗುವುದಿಲ್ಲ.

ಮಕ್ಕಳ ಮೇಲೆ ಕಣ್ಣಿಡಬೇಕು. ನನ್ನ ಅಕ್ಕನ ಮಗನಿಗೆ ಆಗ ಆರು ವರ್ಷ. ತುಟಿ ರಬ್ಬರ್ ಹಾಗೆ ಇದೆ ಅಂತ ಅವನಿಗೆ ತಮಾಷೆ. ಟಿವಿ ನೋಡುತ್ತಾ ಕೆಳತುಟಿಯನ್ನು ಅಗಿದುಬಿಟ್ಟಿದ್ದ. ನೋವಿಲ್ಲ, ಹಾಗಾಗಿ ಅಳುವೂ ಇಲ್ಲ. ಸಂಜೆ ನೋಡಿದರೆ ತುಟಿ ಗೋಳಿಬಜೆಯಷ್ಟು ಊದಿತ್ತು. ಎರಡು ದಿನ ಬಿಟ್ಟು ಗಾಯದ ಮೇಲೆ ಬಿಳಿ ಹಳದಿ ಪೊರೆ ಕಟ್ಟಿತು. ಅಕ್ಕ ಕೀವಾಗಿದೆ ಅಂತ ಆ್ಯಂಟಿಬಯಾಟಿಕ್ ತರಲು ಹೊರಟಿದ್ದಳು. ಬಾಯೊಳಗಿನ ಗಾಯ ಒಣಗುವ ರೀತಿಯೇ ಅದು ಅಂತ ಡಾಕ್ಟರು ಹೇಳಿದ ಮೇಲೆ ನಿಂತಳು. ತಣ್ಣಗಿನ ಒತ್ತು, ತುಟಿಗೆ ಸ್ವಲ್ಪ ವ್ಯಾಸಲಿನ್, ಖಾರ ಹುಳಿ ಬಿಟ್ಟು ಊಟ, ಬೇಕಾದರೆ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್. ಅಷ್ಟೇ ಮದ್ದು. ಜ್ವರ ಬಂದರೆ, ಊತ ದಿನದಿನಕ್ಕೆ ಏರಿದರೆ ಮತ್ತೆ ತೋರಿಸಬೇಕು. ಮಕ್ಕಳ ತುಟಿ ಮತ್ತು ಹಲ್ಲಿನ ನಡುವೆ ಹತ್ತಿಯುಂಡೆ ಇಟ್ಟು ಕಳಿಸಿದರೆ ಅದನ್ನು ತೆಗೆಯಬೇಡಿ, ಜೋಮು ಹೋಗುವವರೆಗೆ ಮಾತಾಡಿಸುತ್ತಾ ಇರಿ.

ಮುಂದಿನ ದಿನಗಳು

ಬಾಯಿ ತೆರೆಯಲು ಬಿಗಿ ಆಗುವುದು ಮಾರನೆ ದಿನದಿಂದ ಶುರುವಾಗಬಹುದು. ಅಗಿಯುವ ಸ್ನಾಯುವಿಗೆ ಸೂಜಿ ತಾಗಿರುತ್ತದೆ. ಬಿಸಿ ಒತ್ತು ಕೊಡಿ (ಈಗ ಮರಗಟ್ಟು ಇಳಿದಿದೆ, ಕೊಡಬಹುದು), ದಿನಕ್ಕೆ ನಾಲ್ಕೈದು ಸಲ ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ. ದಿನಗಳು ಹೋದ ಹಾಗೆ ಸಡಿಲವಾಗುತ್ತದೆ. ಜ್ವರ, ಊತ, ನುಂಗಲು ಕಷ್ಟ ಇದ್ದರೆ ಅದು ಸೋಂಕು. ಆಗ ತಡ ಮಾಡಬಾರದು.

ಕೆನ್ನೆ ನೀಲಿಯಾಗಿ ಊದಿದರೆ ಒಳಗೆ ಸಣ್ಣ ರಕ್ತನಾಳ ಒಡೆದು ರಕ್ತ ಸೇರಿದೆ. ಮೊದಲ ದಿನ ಐಸ್. ಒಂದೆರಡು ವಾರದಲ್ಲಿ ಹಸಿರು ಹಳದಿಯಾಗಿ ಮಾಯುತ್ತದೆ.

ಜೋಮು ಹೋಗದೆ ಉಳಿಯುವುದು ಹೆಚ್ಚು ಕಾಡುವ ಸಂಗತಿ. ಮಾರನೆ ದಿನವೂ ನಾಲಗೆಯ ಒಂದು ಬದಿ ಸತ್ತ ಹಾಗೆ ಇದ್ದರೆ, ರುಚಿ ಗೊತ್ತಾಗದಿದ್ದರೆ ಫೋನ್ ಮಾಡಿ, ಹೋಗಿ ತೋರಿಸಿ. ಎಲ್ಲಿಂದ ಎಲ್ಲಿಯವರೆಗೆ ಜೋಮು ಇದೆ ಅಂತ ಅವರು ಗುರುತು ಮಾಡಿಕೊಳ್ಳಲಿ. ಮುಂದಿನ ಸಲ ಆ ಗಡಿ ಕುಗ್ಗಿದೆಯಾ ಅಂತ ನೋಡಲು ಅದು ಬೇಕು. ಇರುವೆ ಹರಿದ ಹಾಗೆ ಆಗತೊಡಗಿದರೆ ನರ ಚೇತರಿಸಿಕೊಳ್ಳುತ್ತಿದೆ ಅಂತ ಲೆಕ್ಕ. ಬಹಳಷ್ಟು ಜನರಿಗೆ ಎರಡು ತಿಂಗಳೊಳಗೆ ಸರಿಯಾಗುತ್ತದೆ. ಆಗದಿದ್ದರೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಆ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಮಣಿಪಾಲದ ದಂತ ಕಾಲೇಜು 1965ರದ್ದು, ಮಂಗಳೂರಿನ ಲೈಟ್‌ಹೌಸ್ ಹಿಲ್ ರಸ್ತೆಯದ್ದು 1987ರದ್ದು, ದೇರಳಕಟ್ಟೆಯಲ್ಲಿ ಒಂದಲ್ಲ ಎರಡು ಇವೆ. ಬಸ್ಸು ಹತ್ತಿದರೆ ತಜ್ಞರು ಸಿಗುತ್ತಾರೆ.

ಕೊನೆಯ ಕೆಲಸ: ಆದದ್ದನ್ನು ಬರೆದಿಡಿ

ಇನ್ನು ಅಮ್ಮನ ವಿಷಯ. ಒಂದು ಸಂಜೆ ಹಲ್ಲು ಕೀಳಿಸಲು ಹೋಗಿದ್ದರು. ಇಂಜೆಕ್ಷನ್ ಕೊಟ್ಟು ಒಂದು ನಿಮಿಷ ಆಗಿರಲಿಲ್ಲ, ಎದೆ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು, ಬೆವರಿದರು. ಕೆಲಸ ಅಲ್ಲಿಗೇ ನಿಂತಿತು. “ನಿಮಗೆ ಇದು ಅಲರ್ಜಿ, ಇನ್ನು ಮುಂದೆ ತಗೊಳ್ಳಬೇಡಿ” ಅಂತ ಯಾರೋ ಹೇಳಿದರು. ಕಾಗದದಲ್ಲಿ ಏನೂ ಇಲ್ಲ. ಯಾವ ಔಷಧ, ಎಷ್ಟು, ಏನಾಯಿತು, ಒಂದೂ ಇಲ್ಲ. ಆ ಒಂದು ಮಾತು ಮಾತ್ರ ಉಳಿಯಿತು. ಅಲ್ಲಿಂದ ಮುಂದೆ ಹಲ್ಲು ನೋವಿಗೆ ಲವಂಗ, ಉಪ್ಪುನೀರು, ನೋವಿನ ಮಾತ್ರೆ. ದವಡೆ ಊದಿ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. “ಅತ್ತೆಗೆ ಆಗುವುದಿಲ್ಲವಂತೆ” ಅಂತ ಅತ್ತಿಗೆಯಂದಿರೂ ಹೇಳುತ್ತಿದ್ದರು. ಹೀಗೆ ಅದು ಮನೆಯವರೆಲ್ಲರ ಬಾಯಿಪಾಠ ಆಯಿತು.

ನನ್ನ ಮುಖ ಸೋತ ದಿನದ ನಂತರವೇ ನನಗೆ ಸಂಶಯ ಬಂದದ್ದು. ಅಮ್ಮನನ್ನು ಕೂರಿಸಿಕೊಂಡು ಕೇಳಿದೆ. ದದ್ದು ಎದ್ದಿತ್ತಾ? ಇಲ್ಲ. ತುಟಿ ಊದಿತ್ತಾ? ಇಲ್ಲ. ಉಸಿರು ಕಟ್ಟಿತ್ತಾ? ಇಲ್ಲ. ಎಷ್ಟು ಹೊತ್ತಿಗೆ ಸರಿಯಾಯಿತು? “ಮನೆಗೆ ಬರುವಷ್ಟರಲ್ಲಿ ಸರಿಯಾಗಿತ್ತು ಮಗಾ.” ಇದನ್ನೇ ಬರೆದುಕೊಂಡು ದಂತ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋದೆ. ಅವರು ಬಿಪಿ, ಇಸಿಜಿ ನೋಡಿಸಿದರು. ತುರ್ತು ಚಿಕಿತ್ಸೆಗೆ ಸಿದ್ಧವಿರುವ ಕಡೆಯಲ್ಲೇ ಚರ್ಮದ ಪರೀಕ್ಷೆ ಮಾಡಿಸಿ, ಆಮೇಲೆ ಸಂರಕ್ಷಕ ಇಲ್ಲದ ಲಿಗ್ನೋಕೇನ್ ಅನ್ನು ಹನಿ ಹನಿಯಾಗಿ ಹೆಚ್ಚಿಸುತ್ತಾ ಕೊಟ್ಟು ನೋಡಿದರು. ಏನೂ ಆಗಲಿಲ್ಲ. ಅಮ್ಮನಿಗೆ ಅಲರ್ಜಿ ಇರಲೇ ಇಲ್ಲ. ಇದ್ದದ್ದು ಹೆದರಿಕೆ, ಅದರ ಮೇಲೆ ಬೇಗ ಕೊಟ್ಟ ಅಡ್ರಿನಲಿನ್.

ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ತೀರ ಅಪರೂಪ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಇದನ್ನು ತಯಾರಿಸುವ ಮೊದಲು ಬಳಕೆಯಲ್ಲಿದ್ದ ಪ್ರೊಕೇನ್ ಬೇರೆ ಜಾತಿಯದ್ದು. ಅದರಿಂದ ಅಲರ್ಜಿ ಹೆಚ್ಚು ಆಗುತ್ತಿತ್ತು. ಈಗಿನವರಲ್ಲಿ ಅಲರ್ಜಿ ಕಂಡರೂ ಕೆಲವೊಮ್ಮೆ ಕಾರಣ ಲಿಗ್ನೋಕೇನ್ ಅಲ್ಲ, ಜೊತೆಗಿನ ಸಂರಕ್ಷಕ ಅಥವಾ ಡಾಕ್ಟರ ಕೈಯ ಲ್ಯಾಟೆಕ್ಸ್ ಗ್ಲೌಸ್. ನಿಮಗೆ ದದ್ದು, ಊತ, ಉಸಿರಿನ ತೊಂದರೆ ಆಗಿದ್ದು ಹೌದಾದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ. ಪರೀಕ್ಷೆ ಆಗುವವರೆಗೆ ಆ ಔಷಧ ಬೇಡ. ಮನೆಯಲ್ಲೋ ಸಣ್ಣ ಕ್ಲಿನಿಕ್ಕಿನಲ್ಲೋ “ಸ್ವಲ್ಪ ಕೊಟ್ಟು ನೋಡೋಣ” ಅನ್ನುವುದು ಖಂಡಿತ ಬೇಡ.

ಹಾಗಾಗಿ ಏನೇ ಆಗಲಿ, ಆ ದಿನವೇ ಕ್ಲಿನಿಕ್ಕಿನಲ್ಲಿ ಕೇಳಿ ಇಷ್ಟು ಬರೆಸಿಕೊಳ್ಳಿ: ತಾರೀಕು, ಔಷಧದ ಹೆಸರು ಮತ್ತು ಶೇಕಡಾ, ಅಡ್ರಿನಲಿನ್ ಇತ್ತಾ, ಎಷ್ಟು ಇತ್ತು, ಒಟ್ಟು ಎಷ್ಟು ಮಿಲಿಲೀಟರ್, ಯಾವ ಜಾಗಕ್ಕೆ, ಎಷ್ಟು ನಿಮಿಷಕ್ಕೆ ಏನಾಯಿತು, ಬಿಪಿ ನಾಡಿ ಎಷ್ಟಿತ್ತು, ಏನು ಕೊಟ್ಟರು, ಯಾವಾಗ ಸರಿಹೋಯಿತು. ಮುಖ ಸೋತರೆ, ದದ್ದು ಎದ್ದರೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. “ಅಲರ್ಜಿ” ಅನ್ನುವ ಒಂದು ಶಬ್ದ ಬರೆದು ಕಳಿಸಿದರೆ, ಯಾವ ಲಕ್ಷಣ ನೋಡಿ ಹಾಗೆ ಬರೆದಿರಿ ಅಂತ ಮರ್ಯಾದೆಯಿಂದ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಅಮ್ಮನಿಗೆ ಈಗ ಮೂರು ಹಲ್ಲಿನ ಕೆಲಸ ಆಗಿದೆ. 2 ಲಕ್ಷದಲ್ಲಿ 1 ಭಾಗದ ಅಡ್ರಿನಲಿನ್ ಇರುವ ದ್ರಾವಣ, ನಿಧಾನವಾಗಿ, ಊಟ ಆದ ಮೇಲೆ. ಕಳೆದ ಸಲ ಕುರ್ಚಿ ಹತ್ತುವ ಮೊದಲು ಪರ್ಸಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು ಡಾಕ್ಟರ ಕೈಗೆ ತಾವೇ ಕೊಟ್ಟರು. “ಇದರಲ್ಲಿ ಎಲ್ಲ ಉಂಟು, ಓದಿ. ಮತ್ತೆ ನಿಧಾನ ಕೊಡಿ ಆಯ್ತಾ” ಅಂದರು.